ಮಾಗಡಿ ರಸ್ತೆಯ ಕರಿಮರಳು

ಜೋರಾಗಿ ಸುರಿದ ಮಳೆ ನಿಂತ ಮೇಲೆ ರಾಜಾಜಿನಗರದ ಇಳಿಜಾರು ಬೀದಿಗಳಲ್ಲಿ, ಬಸವೇಶ್ವರನಗರದ ರಸ್ತೆಯಂಚುಗಳಲ್ಲಿ, ನೀರು ಹರಿದು ಹೋದ ಜಾಡಿನ ಮೇಲೆ ನವಿರಾದ ಕಪ್ಪುಗೆರೆಗಳು ಮೂಡಿರುವುದನ್ನು ತಾವು ಕಂಡಿರಬಹುದು. ಕೆಟ್ಟುಹೋದ ರೇಡಿಯೊದಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಆ ಮರಳಿನಲ್ಲಿ ಎಳೆದಾಡುವುದು ಹುಡುಗರಿಗೆ ಪ್ರಿಯವಾದ ಆಟ. ಎಳೆದಂತೆಲ್ಲ ಅಯಸ್ಕಾಂತಕ್ಕೆ ಗಡ್ಡ ಬೆಳೆದ ಹಾಗೆ ಕರಿಮರಳು ಅಂಟಿಕೊಳ್ಳುತ್ತದೆ. ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ ಈ ಖನಿಜಕ್ಕೆ ವಿಜ್ಞಾನಿಗಳು ಮ್ಯಾಗ್ನೆಟೈಟ್ ಎನ್ನುತ್ತಾರೆ. ಬೀದಿಯಲ್ಲಿ ಬಿದ್ದಿರುವ ಈ ವಸ್ತು ಮನುಷ್ಯನ ಮದ್ದಾದದ್ದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ವಿಜಯನಗರದ ಪಕ್ಕದಲ್ಲಿ ಹಾಯುವ ಮಾಗಡಿ ರಸ್ತೆಯನ್ನೇ ಹಿಡಿದು ಪಶ್ಚಿಮಕ್ಕೆ ನಡೆದರೆ ಕೆಂಪೇಗೌಡರ ವಂಶದವರು ಆಳಿದ ಮಾಗಡಿ ಸೀಮೆ ಬರುತ್ತದೆ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಾಗಡಿಯ ಬಳಿಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಮೈಸೂರು ಸೀಮೆಯ ಹಲವೆಡೆಗಳಲ್ಲಿ ಮಳೆಗಾಲದ ಹಳ್ಳಗಳು ಬೆಟ್ಟದಿಂದ ಹೊತ್ತು ತಂದ ಕರಿಮರಳೇ ಇಂಥ ಕುಲುಮೆಗಳಿಗೆ ಅದಿರಾಗಿತ್ತು. ಅದನ್ನು ತೊಳೆದು, ಇದ್ದಿಲಿನೊಡನೆ ಕಾಸಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದರು. ಕಬ್ಬಿಣ ನೇಗಿಲಿನ ಗುಳವಾಯಿತು, ಕುಡುಗೋಲಾಯಿತು. ಕುಲುಮೆಯ ಬಳಿ ಉಳಿದದ್ದು ಕಿಟ್ಟ. ನಮ್ಮ ವೈದ್ಯರ ಕಣ್ಣು ಬಿದ್ದದ್ದು ಆ ಕಿಟ್ಟದ ಮೇಲೆ. ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ಸೂಜಿಗಲ್ಲಿನ ಮಾತು. ದೇಹದೊಳಗೆ ಹೊಕ್ಕ ಶಲ್ಯವನ್ನು, ಅಂದರೆ ಬಾಣದ ಮೊನೆಯಂಥ ಪರವಸ್ತುವನ್ನು, ಹೊರತೆಗೆಯುವ ಉಪಾಯಗಳನ್ನು ಎಣಿಸುವಾಗ ಸುಶ್ರುತ ಸಂಹಿತೆ ಅಯಸ್ಕಾಂತವನ್ನೂ ಹೆಸರಿಸುತ್ತದೆ. ಮೊನೆಗೆ ಮುಳ್ಳುಕಿವಿಗಳಿರಬಾರದು, ಅದು ಮಾಂಸದಲ್ಲಿ ಕಚ್ಚಿಕೊಂಡಿರಬಾರದು, ಗಾಯದ ಬಾಯಿ ಅಗಲವಾಗಿರಬೇಕು ಎಂಬ ಕಟ್ಟುಪಾಡುಗಳನ್ನೂ ಅದು ಹೇಳುತ್ತದೆ. ಇದು ಮಾಂತ್ರಿಕನ ಮಾತಲ್ಲ, ಕೈ ಪಳಗಿದ ಶಸ್ತ್ರವೈದ್ಯನ ಮಾತು. ಯೂರೋಪಿನಲ್ಲಿ 1879ರಲ್ಲಿ ಬರ್ಲಿನ್ನಿನ ಹಿರ್ಷ್‌ಬರ್ಗ್ ಎಂಬ ನೇತ್ರವೈದ್ಯನು ವಿದ್ಯುದಯಸ್ಕಾಂತದಿಂದ ಕಣ್ಣಿನೊಳಗಿನ ಕಬ್ಬಿಣದ ಚೂರನ್ನು ಸೆಳೆದು ತೆಗೆದನು. ಕಾಮಾಕ್ಷಿಪಾಳ್ಯದ ಲೇತ್ ಯಂತ್ರಗಳ ಮುಂದೆ ದುಡಿಯುವವರಿಗೆ ಆ ಚೂರಿನ ಭಯ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಡಲಿನಿಂದ ಕಬ್ಬಿಣವನ್ನು ತೆಗೆಯುವುದು ಒಂದು ವಿದ್ಯೆ. ಒಡಲಿಗೆ ಕಬ್ಬಿಣವನ್ನು ಕೊಡುವುದು ಅದಕ್ಕಿಂತ ಕಠಿನವಾದ ವಿದ್ಯೆ. ಮೈ ಬಿಳಿಚಿ, ಏದುಸಿರು ಬಂದು, ಮೆಟ್ಟಿಲು ಹತ್ತಲಾರದೆ ಕುಸಿಯುವ ಬೇನೆಯನ್ನು ಪ್ರಾಚೀನರು ಪಾಂಡುರೋಗವೆಂದು ಕರೆದು, ಅದಕ್ಕೆ ಲೋಹವನ್ನು ಹೇಳಿದರು. ಚರಕನ ನವಾಯಸ ಚೂರ್ಣದಲ್ಲಿರುವುದು ಕಬ್ಬಿಣವೇ. ಹಿಂದೆ ಹೇಳಿದ ಕಿಟ್ಟ ಮಂಡೂರವೆಂಬ ಹೆಸರಿನಿಂದ ಔಷಧವಾಯಿತು. ನೂರು ವರ್ಷ ಹಳೆಯದು ಉತ್ತಮ, ಎಂಬತ್ತರದು ಮಧ್ಯಮ, ಅರವತ್ತರದು ಅಧಮ ಎಂದು ಅದಕ್ಕೆ ತರತಮವನ್ನೂ ಕಟ್ಟಿದರು. ಲೋಹವನ್ನು ಕೆಂಪಗೆ ಕಾಸಿ ಎಣ್ಣೆ, ಮಜ್ಜಿಗೆ, ಗೋಮೂತ್ರ, ಗಂಜಿಯ ಹುಳಿನೀರು, ಹುರುಳಿಯ ಕಷಾಯ ಇವುಗಳಲ್ಲಿ ಮತ್ತೆ ಮತ್ತೆ ಅದ್ದಿ ಶುದ್ಧಿಮಾಡಿ, ತ್ರಿಫಲೆಯ ಕಷಾಯದಲ್ಲಿ ಅರೆದು, ಪುಟವಿಟ್ಟು ಸುಟ್ಟರೆ ಭಸ್ಮ. ಅದು ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡು. ಭಸ್ಮ ಪಕ್ವವಾಯಿತೆಂಬುದಕ್ಕೆ ಎರಡು ಸೊಗಸಾದ ಪರೀಕ್ಷೆಗಳಿದ್ದವು: ನಿಂತ ನೀರಿನ ಮೇಲೆ ಉದುರಿಸಿದರೆ ತೇಲಬೇಕು, ಬೆರಳುಗಳ ನಡುವೆ ತಿಕ್ಕಿದರೆ ಚರ್ಮದ ಗೆರೆಗಳೊಳಗೆ ಇಳಿದು ನಿಲ್ಲಬೇಕು. ಕಣ ಎಷ್ಟು ನವಿರೋ ಮದ್ದು ಅಷ್ಟು ಯೋಗ್ಯವೆಂಬ ಅರಿವು ಇದರಲ್ಲಿದೆ.

ರಕ್ತಕ್ಕೆ ಕಬ್ಬಿಣವೇ ಏಕೆ ಬೇಕು? ಇದರ ಉತ್ತರದ ಮೊದಲ ಎಳೆ ದೊರೆತದ್ದು 18ನೆಯ ಶತಮಾನದ ಇಟಲಿಯಲ್ಲಿ. ಬೊಲೊನ್ಯ ನಗರದ ಮೆಂಗಿನಿ ಎಂಬ ವೈದ್ಯನು ರಕ್ತವನ್ನು ಸುಟ್ಟು ಬೂದಿಮಾಡಿ ಅದರ ಬಳಿ ಅಯಸ್ಕಾಂತವನ್ನು ಹಿಡಿದನು. ಬೂದಿಯ ಕಣಗಳು ಎದ್ದು ಬಂದು ಅಂಟಿಕೊಂಡವು. ಮಾಗಡಿ ರಸ್ತೆಯ ಹುಡುಗನು ಆಡುವ ಆಟವೇ ಅದು. ಮರಳಿಗೆ ಬದಲಾಗಿ ರಕ್ತದ ಬೂದಿ ಇತ್ತು, ಅಷ್ಟೆ.

ಬಾಯಿಯ ಮೂಲಕ ಕೊಟ್ಟ ಕಬ್ಬಿಣದಲ್ಲಿ ಮೈಗೆ ಹತ್ತುವುದು ಅಲ್ಪ. ನೇರವಾಗಿ ರಕ್ತನಾಳಕ್ಕೆ ಕೊಡೋಣವೆಂದರೆ ಬಿಡಿ ಕಬ್ಬಿಣ ರಕ್ತದಲ್ಲಿ ವಿಷ. ಇನ್ನು ಅಯಸ್ಕಾಂತದ ಕಣಗಳನ್ನೇ ಬಿಟ್ಟರೆ ಅವು ಒಂದಕ್ಕೊಂದು ಅಂಟಿ ಗಂಟಾಗಿ ನಾಳವನ್ನು ಮುಚ್ಚಿಯಾವು. ಈ ಬಿಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ತೋರಿದ್ದು ಕಣದ ಗಾತ್ರ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೊಮೀಟರು. ಮ್ಯಾಗ್ನೆಟೈಟಿನ ಕಣ ಇಪ್ಪತ್ತು ನ್ಯಾನೊಮೀಟರಿಗಿಂತ ಚಿಕ್ಕದಾದರೆ, ಸುತ್ತಲ ಶಾಖದ ಅಲುಗಾಟವೇ ಅದರ ಕಾಂತತ್ವದ ದಿಕ್ಕನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತದೆ. ಹೊರಗಿನ ಅಯಸ್ಕಾಂತ ಕರೆದರೆ ಓಗೊಡುತ್ತದೆ. ಅದು ದೂರ ಸರಿದರೆ ಕಾಂತತ್ವವನ್ನು ಮರೆತುಬಿಡುತ್ತದೆ. ಫ್ರಾನ್ಸಿನ ಲೂಯಿ ನೀಲ್ 1949ರಲ್ಲಿ ಇದರ ಮರ್ಮವನ್ನು ಗಣಿತದಿಂದ ತಿಳಿಸಿಕೊಟ್ಟನು. ಇಂಥ ಕಣಕ್ಕೆ ಸಕ್ಕರೆಯ ಜಾತಿಯ ಹೊದಿಕೆಯೊಂದನ್ನು ತೊಡಿಸಿದರೆ ಗಂಟುಕಟ್ಟದು, ರಕ್ತಕ್ಕೆ ಬಿಡಬಹುದು. ವಿಷವನ್ನು ಮದ್ದಾಗಿ ಮಾಡಿದ್ದು ಈ ಎರಡೇ: ಗಾತ್ರ ಮತ್ತು ಹೊದಿಕೆ.

1957ರಲ್ಲಿ ಅಮೆರಿಕದ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ನಾಯಿಗಳ ದುಗ್ಧಗ್ರಂಥಿಗಳಿಗೆ ಸೇರಿಸಿ, ಹೊರಗಿನಿಂದ ಪರ್ಯಾಯ ಕಾಂತಕ್ಷೇತ್ರವನ್ನು ಹಾಯಿಸಿ, ಗ್ರಂಥಿಯನ್ನಷ್ಟೇ ಬಿಸಿಮಾಡಿ ತೋರಿಸಿದರು. ಕ್ಯಾನ್ಸರಿನ ಕೋಶಗಳನ್ನು ಹೀಗೆ ಕಾಸಿ ಕೊಲ್ಲಬಹುದೆಂಬುದು ಅವರ ಆಸೆ. ಅದೇ ಹಾದಿಯಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಮೆದುಳುಗಂತಿಯ ಚಿಕಿತ್ಸೆಗೆ 2010ರಲ್ಲಿ ಯೂರೋಪಿನ ಅನುಮತಿ ದೊರೆಯಿತು. ಆದರೆ ಅದು ಎಲ್ಲೆಡೆ ನಡೆಯುವ ಚಿಕಿತ್ಸೆಯಾಗಿಲ್ಲ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇನ್ನೊಂದು ಬಗೆಯ ಕಣ ಎಂ.ಆರ್.ಐ. ಚಿತ್ರಕ್ಕೆ ನೆರವಾಯಿತು: ಆರೋಗ್ಯವಾದ ಯಕೃತ್ತಿನ ಕೋಶಗಳು ಕಣಗಳನ್ನು ನುಂಗಿ ಚಿತ್ರದಲ್ಲಿ ಕಪ್ಪಾಗುತ್ತಿದ್ದವು, ನುಂಗಲಾರದ ಗಂತಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ಕೆಲವು ವರ್ಷಗಳ ಮೇಲೆ ಅದು ಮಾರುಕಟ್ಟೆಯಿಂದ ಮರೆಯಾಯಿತು.

ನಿಜವಾಗಿ ನೆಲೆ ನಿಂತದ್ದು ಹಳೆಯ ಪಾಂಡುರೋಗದ ಮದ್ದೇ ಎಂಬುದು ಈ ಚರಿತ್ರೆಯ ಸ್ವಾರಸ್ಯ. ಫೆರುಮಾಕ್ಸಿಟಾಲ್ ಎಂಬ, ಹೊದಿಕೆ ಸೇರಿ ಸುಮಾರು 30 ನ್ಯಾನೊಮೀಟರಿನ ಕಾಂತಕಣದ ಔಷಧಕ್ಕೆ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು ಮೂತ್ರಪಿಂಡದ ರೋಗಿಗಳ ರಕ್ತಹೀನತೆಗಾಗಿ. ತೀವ್ರವಾದ ಅಲರ್ಜಿಯಿಂದ ಕೆಲವರ ಪ್ರಾಣಕ್ಕೇ ಎರವಾದ ಕಾರಣ 2015ರಲ್ಲಿ ಅದಕ್ಕೆ ಕಠಿನವಾದ ಎಚ್ಚರಿಕೆಯನ್ನೂ ಸೇರಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡ್ರಿಪ್ಪಿನಲ್ಲಿ ಕೊಡುವ ಕಂದುಬಣ್ಣದ ಐರನ್ ಸುಕ್ರೋಸ್ ಸಹ ಇದೇ ಬಳಗದ್ದು. ಅದು ಅಯಸ್ಕಾಂತಕ್ಕೆ ಎದ್ದು ಬರುವಂಥದಲ್ಲವಾದರೂ ಒಳಗಿರುವುದು ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ನ್ಯಾನೊ ತಿರುಳು, ಮೇಲಿರುವುದು ಸಕ್ಕರೆಯ ಹೊದಿಕೆ. ದಿನವೂ ನುಂಗುವ ಮಾತ್ರೆಯ ಕೆಲಸವನ್ನು ಇಂಥ ಒಂದೇ ಡ್ರಿಪ್ಪು ಮಾಡಬಲ್ಲದೆ ಎಂದು ನೋಡಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೊರಗಿನ ವಿದ್ವಾಂಸರೊಡನೆ ಕೂಡಿ 2021ರಲ್ಲಿ ಕರ್ನಾಟಕ, ರಾಜಸ್ಥಾನಗಳ ನಾಲ್ಕು ಸಾವಿರಕ್ಕೂ ಮಿಕ್ಕ ಗರ್ಭಿಣಿಯರ ಅಧ್ಯಯನವನ್ನು ಕೈಗೊಂಡರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ನ್ಯಾನೊ ವಿಜ್ಞಾನವೆಲ್ಲ ನಮ್ಮ ಭಸ್ಮಗಳಲ್ಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಭಸ್ಮವೆಂದರೆ ಬರಿಯ ಬೂದಿ ಎಂದು ನಗುವವರೂ ಇದ್ದಾರೆ. ಇಬ್ಬರೂ ಅವಸರದವರು. ಭಸ್ಮಗಳನ್ನು ಇಂದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನ್ಯಾನೊ ಗಾತ್ರದ ಕಣಗಳು ಕಂಡಿರುವುದು ನಿಜ. ಅವುಗಳ ಜೊತೆಗೆ ಹಲವು ಪಟ್ಟು ದಪ್ಪನಾದ ಕಣಗಳು ಬೆರೆತಿರುವುದೂ ನಿಜ. ನೀರಿನ ಮೇಲೆ ತೇಲಿಸಿ ನೋಡಿದ ವೈದ್ಯನಿಗೆ ದಿಕ್ಕು ತಿಳಿದಿತ್ತು, ಅಳತೆ ಕೈಯಲ್ಲಿರಲಿಲ್ಲ. ಅಳತೆಯಿಲ್ಲದ ಮದ್ದು ಒಬ್ಬನಿಗೆ ಅಮೃತವಾದರೆ ಇನ್ನೊಬ್ಬನಿಗೆ ಕೇಡಾದೀತು. ಪೂರ್ವಿಕರ ಸೂಕ್ಷ್ಮಕ್ಕೆ ತಲೆಬಾಗಿ, ಅವರು ಮಾಡಲಾಗದೆ ಹೋದ ತೂಕವನ್ನೂ ಪರೀಕ್ಷೆಯನ್ನೂ ನಾವು ಮಾಡುವುದೇ ಅವರಿಗೆ ಸಲ್ಲಿಸುವ ಗೌರವ.

ಏಕೆಂದರೆ ಬೇನೆ ಹಳೆಯದಾದರೂ ಮುಗಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಬೆಳಗಾಗುತ್ತಲೇ ಮನೆಗೆಲಸ ಮುಗಿಸಿ, ಕೆಂಗೇರಿಯ ಕಡೆಯಿಂದ ಬಸ್ಸು ಹಿಡಿದು ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಲ್ಲಿ ಬಿಳಿಚಿದ ಮುಖಗಳು ಎಷ್ಟೋ. ಮಳೆ ಬಂದಾಗಲೆಲ್ಲ ಕಬ್ಬಿಣವೇ ಬೀದಿಯಲ್ಲಿ ಹರಿಯುವ ಈ ಊರಿನಲ್ಲಿ, ಅವರ ರಕ್ತದಲ್ಲಿ ಚಿಟಿಕೆ ಕಬ್ಬಿಣಕ್ಕೆ ಬರ.