ಕಡವೆಗೊಂದು ಚೀಟಿ: ಬೇಟೆಯ ಲೆಕ್ಕಾಚಾರದ ಇತಿಹಾಸ

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಳ್ಯ ಕಳೆದು ಸಂಪಾಜೆಯತ್ತ ಸಾಗಿದರೆ ಅರಂತೋಡು ಸಿಗುತ್ತದೆ. ಪಯಸ್ವಿನಿ ಹೊಳೆ, ಅಡಿಕೆ ಮತ್ತು ರಬ್ಬರ್ ತೋಟಗಳು, ಅವುಗಳಾಚೆ ಕಾಡು. ಇಲ್ಲಿಂದ ತೊಡಿಕಾನಕ್ಕೆ ಹೋಗಿ ಪಟ್ಟಿಘಾಟಿನ ದಾರಿ ಹಿಡಿದು ಏರಿದರೆ ಭಾಗಮಂಡಲ ತಲಪಬಹುದು. ಈ ಘಟ್ಟದ ಕಾಡುಗಳ ಅತಿ ದೊಡ್ಡ ಜಿಂಕೆ ಕಡವೆ. ಬೆಳೆದ ಗಂಡು ಕಡವೆ 200 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಅದರ ಪ್ರತಿಯೊಂದು ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲುಗಳಿರುತ್ತವೆ.

ಕಡವೆಯನ್ನು ಒಂದು ಕಾಲದಲ್ಲಿ ಕಾನೂನಿನ ಪ್ರಕಾರವೇ ಬೇಟೆಯಾಡಬಹುದಿತ್ತು. 1991ರಿಂದೀಚೆಗೆ ಅದು ಅಪರಾಧ. ಅದೇ ಹೊತ್ತಿಗೆ ಅಮೆರಿಕದಲ್ಲಿ ಕಡವೆಯ ದೂರದ ಬಂಧುವಾದ ಎಲ್ಕ್ ಜಿಂಕೆಯನ್ನು ಸರ್ಕಾರಿ ಕಾಡಿನಲ್ಲೇ ಲಾಟರಿ ಚೀಟಿಯ ಮೂಲಕ ಬೇಟೆಯಾಡುತ್ತಾರೆ. ಆದರೂ ಅಲ್ಲಿ ಎಲ್ಕ್‌ಗಳ ಸಂಖ್ಯೆ ಒಂದು ಶತಮಾನದಲ್ಲಿ ಹಲವು ಪಟ್ಟು ಹೆಚ್ಚಿದೆ. ಒಂದೇ ಸಮಸ್ಯೆಗೆ ಎರಡು ದೇಶಗಳು ಇಷ್ಟು ಬೇರೆಯಾದ ಉತ್ತರಗಳಿಗೆ ಬಂದದ್ದು ಹೇಗೆ?

ಹೆಸರಿನ ಗೊಂದಲ

ಯುರೋಪಿನಲ್ಲಿ 'ಎಲ್ಕ್' ಎಂದರೆ ಅಗಲ ಕೊಂಬಿನ ಮೂಸ್ (ಆಲ್ಸೆಸ್ ಆಲ್ಸೆಸ್). ಅಮೆರಿಕಕ್ಕೆ ವಲಸೆ ಹೋದವರು ಅಲ್ಲಿ ಕಂಡ ಮತ್ತೊಂದು ದೊಡ್ಡ ಜಿಂಕೆಗೆ ಅದೇ ಹೆಸರಿಟ್ಟರು. ಅದು ವಾಪಿಟಿ (ಸರ್ವಸ್ ಕೆನಡೆನ್ಸಿಸ್). ಸಿಂಹಳಕ್ಕೂ ದಕ್ಷಿಣ ಭಾರತಕ್ಕೂ ಬಂದ ಬ್ರಿಟಿಷ್ ಬೇಟೆಗಾರರು ನಮ್ಮ ಕಡವೆಯನ್ನೂ (ರೂಸಾ ಯುನಿಕಲರ್) ಎಲ್ಕ್ ಎಂದೇ ಕರೆದರು. ಸ್ಯಾಮ್ಯುಯೆಲ್ ಬೇಕರ್ 1850ರ ದಶಕದಲ್ಲಿ ಸಿಂಹಳದ 'ಎಲ್ಕ್' ಬೇಟೆಯ ಬಗ್ಗೆ ಪುಸ್ತಕ ಬರೆದ, ಅದರಲ್ಲಿರುವುದೆಲ್ಲ ಕಡವೆಯೇ. ಅವರ ಬಾಯಲ್ಲಿ ಕಾಟಿ 'ಬೈಸನ್' ಆಯಿತು, ನೀಲಗಿರಿಯ ವರೆಯಾಡು 'ಐಬೆಕ್ಸ್' ಆಯಿತು. ಬೊಗಳುವ ಜಿಂಕೆಗೆ ಅವರಿಟ್ಟ 'ಜಂಗಲ್ ಶೀಪ್' ಮಾತ್ರ ನಮ್ಮ 'ಕಾಡುಕುರಿ'ಯ ನೇರ ಅನುವಾದದಂತಿದೆ. ಇವೇ ತಪ್ಪು ಹೆಸರುಗಳು ಮುಂದೆ ಕಾನೂನಿನ ಪುಸ್ತಕವನ್ನೂ ಸೇರಿದವು.

ಘಟ್ಟದ ಮೇಲೆ, ಘಟ್ಟದ ಕೆಳಗೆ

1834ರವರೆಗೆ ಅಮರ ಸುಳ್ಯ ಮಾಗಣೆ ಕೊಡಗಿನ ಅರಸರ ಕೈಯಲ್ಲಿತ್ತು. ಆ ವರ್ಷ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡು, ಸುಳ್ಯ-ಪುತ್ತೂರುಗಳನ್ನು ಅದರಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಈ ಪ್ರದೇಶ 1837ರ ದಂಗೆಯನ್ನು ಕಂಡದ್ದು ಇದಾದ ಬಳಿಕ. ಆಡಳಿತದ ಗಡಿ ಬೇಟೆಯನ್ನೂ ಇಬ್ಭಾಗ ಮಾಡಿತು. 1878ರ ಶಸ್ತ್ರಾಸ್ತ್ರ ಕಾಯಿದೆ ದೇಶದಾದ್ಯಂತ ಕೋವಿಗೆ ಲೈಸೆನ್ಸ್ ಕಡ್ಡಾಯ ಮಾಡಿದಾಗ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ದೊರೆಯಿತು. ಹೀಗಾಗಿ ಘಟ್ಟದ ಮೇಲೆ ಜಮ್ಮಾ ಭೂಮಿಯಿದ್ದ ಅರೆಭಾಷೆ ಗೌಡರ ಮನೆಗೆ ಕೋವಿಯ ಲೈಸೆನ್ಸ್ ಬೇಡ; ಘಟ್ಟದ ಕೆಳಗಿದ್ದ ಅದೇ ಬಳಗದವರಿಗೆ ಬೇಕು. ಈ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಗಿದೆ.

ಕಾಡಿನ ಮೇಲಿನ ಹಕ್ಕೂ ಬದಲಾಯಿತು. 1882ರ ಮದ್ರಾಸ್ ಅರಣ್ಯ ಕಾಯಿದೆಯ ಅಡಿಯಲ್ಲಿ ರಕ್ಷಿತಾರಣ್ಯಗಳು ರೂಪುಗೊಂಡವು. ವರ್ಗ ಜಮೀನಿನ ರೈತನಿಗೆ ಪಕ್ಕದ ಕುಮ್ಕಿಯಲ್ಲಿ ಸೊಪ್ಪು ಸೌದೆಯ ಸೌಲಭ್ಯ ಉಳಿಯಿತು. ಆದರೆ ರಕ್ಷಿತಾರಣ್ಯದೊಳಗೆ ಈಡು ಹೊಡೆಯುವುದು, ಉರುಳು ಒಡ್ಡುವುದು ಇಲಾಖೆಯ ಅಪ್ಪಣೆಗೆ ಒಳಪಟ್ಟವು. ಹಳು ಸೋವಿ, ಕೊಂದ ಪ್ರಾಣಿಯನ್ನು ಊರವರು ಪಾಲು ಹಾಕಿಕೊಳ್ಳುತ್ತಿದ್ದ ಕೂಟಬೇಟೆ ಹೀಗೆ ಸರ್ಕಾರದ ಕಾಗದದ ಹಿಡಿತಕ್ಕೆ ಬಂತು.

ಲೈಸೆನ್ಸ್ ಏನನ್ನು ಎಣಿಸಿತು?

ಬೇಟೆಯ ನಿಯಂತ್ರಣದಲ್ಲಿ ಮದ್ರಾಸ್ ಪ್ರಾಂತ ಮುಂದಿತ್ತು. 1877ರಲ್ಲಿ ನೀಲಗಿರಿಯಲ್ಲಿ ಬೇಟೆಗಾರರ ಸಂಘವೊಂದು ಹುಟ್ಟಿತು. 1879ರಲ್ಲಿ ಆ ಜಿಲ್ಲೆಗಾಗಿಯೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣಾ ಕಾಯಿದೆ ಬಂತು. ಅದರ ರಕ್ಷಿತ ಪಟ್ಟಿಯಲ್ಲಿ ಕಡವೆಯೂ ಇತ್ತು. ಮೈಸೂರು ಸಂಸ್ಥಾನ 1901ರಲ್ಲಿ ಇಂಥದೇ ನಿಬಂಧನೆ ತಂದಿತು. 1912ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಕಾಡುಪಕ್ಷಿ ಮತ್ತು ಪ್ರಾಣಿಗಳ ರಕ್ಷಣಾ ಕಾಯಿದೆ ಜಾರಿಯಾಯಿತು. ಬೇಟೆ ನಿಷೇಧದ ಋತುವನ್ನು ಘೋಷಿಸುವ ಅಧಿಕಾರವನ್ನು ಅದು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಜೀವ ಮತ್ತು ಆಸ್ತಿಯ ರಕ್ಷಣೆಗಾಗಿ ಕೊಲ್ಲುವುದಕ್ಕೆ ಅದರಲ್ಲಿ ವಿನಾಯಿತಿ ಇತ್ತು.

ಈ ಬಗೆಯ ನಿಯಮಗಳಿಗೆಲ್ಲ ಒಂದು ಸಮಾನ ಲಕ್ಷಣವಿದೆ. ಯಾರು ಬೇಟೆಯಾಡಬಹುದು, ಯಾವ ತಿಂಗಳಲ್ಲಿ, ಗಂಡನ್ನೋ ಹೆಣ್ಣನ್ನೋ, ಒಬ್ಬನಿಗೆ ಎಷ್ಟು - ಇವನ್ನು ಅವು ವಿಧಿಸಿದವು. ಒಂದು ಕಾಡಿನಲ್ಲಿ ಒಟ್ಟು ಎಷ್ಟು ಕಡವೆಗಳಿವೆ, ಅವುಗಳಲ್ಲಿ ಎಷ್ಟನ್ನು ತೆಗೆದರೆ ಸಂತತಿ ಉಳಿಯುತ್ತದೆ ಎಂಬ ಪ್ರಶ್ನೆ ಅವುಗಳಲ್ಲಿ ಇರಲಿಲ್ಲ. ಒಂದು ಲೈಸೆನ್ಸಿಗೆ ಎರಡು ಕಡವೆ ಎಂದಿಟ್ಟುಕೊಳ್ಳೋಣ. ಹತ್ತು ಲೈಸೆನ್ಸ್ ಕೊಟ್ಟರೆ 20 ಕಡವೆ, ಐವತ್ತು ಕೊಟ್ಟರೆ 100. ಪ್ರತಿಯೊಬ್ಬನೂ ಕಾನೂನು ಪಾಲಿಸುತ್ತಾನೆ, ಆದರೂ ಕಾಡು ಬರಿದಾಗಬಹುದು.

ಒಂದು ಸರಳ ಗಣಿತ

ಬೆಲ್ಜಿಯಮ್ಮಿನ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿ ಜನಸಂಖ್ಯಾ ಬೆಳವಣಿಗೆಗೆ ಒಂದು ಸಮೀಕರಣ ಕೊಟ್ಟ. ಪ್ರಾಣಿಗಳು ಕಡಿಮೆಯಿದ್ದಾಗ ಹುಟ್ಟುವ ಮರಿಗಳೂ ಕಡಿಮೆ. ಕಾಡು ತುಂಬಿದಾಗ ಮೇವಿನ ಅಭಾವದಿಂದ ಬೆಳವಣಿಗೆ ನಿಲ್ಲುತ್ತದೆ. ಇವೆರಡರ ನಡುವೆ, ಅಂದರೆ ಕಾಡಿನ ಸಾಮರ್ಥ್ಯದ ಅರ್ಧದಷ್ಟಿದ್ದಾಗ, ವಾರ್ಷಿಕ ಹೆಚ್ಚಳ ಗರಿಷ್ಠವಾಗಿರುತ್ತದೆ.

ಉದಾಹರಣೆಗೆ, 400 ಕಡವೆಗಳನ್ನು ಸಾಕಬಲ್ಲ ಒಂದು ಕಾಡನ್ನು ಊಹಿಸಿಕೊಳ್ಳಿ. ಅಡ್ಡಿಯಿಲ್ಲದಾಗಿನ ಬೆಳವಣಿಗೆಯ ದರ ವರ್ಷಕ್ಕೆ ಶೇಕಡಾ 20 ಇರಲಿ. ಆಗ 200 ಕಡವೆಗಳಿದ್ದರೆ ವರ್ಷಕ್ಕೆ ಹೆಚ್ಚುವುದು 20. ಆ 20ನ್ನು ಬೇಟೆಯಾಡಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಆದರೆ ಎಣಿಕೆ ತಪ್ಪಾಗಿ, ನಿಜವಾಗಿ ಇರುವುದು 150 ಆಗಿದ್ದರೆ? ಹೆಚ್ಚಳ 19ಕ್ಕೂ ಕಡಿಮೆ; ಬೇಟೆ ಮಾತ್ರ 20. ಸಂಖ್ಯೆ 100ಕ್ಕೆ ಇಳಿದಾಗ ಹೆಚ್ಚಳ 15, ಬೇಟೆ 20. 50ಕ್ಕೆ ಇಳಿದಾಗ ಹೆಚ್ಚಳ 9ರ ಆಸುಪಾಸು, ಬೇಟೆ ಅದೇ 20. ಭೌತವಿಜ್ಞಾನದಲ್ಲಿ ಇದನ್ನು ಅಸ್ಥಿರ ಸಮತೋಲ ಎನ್ನುತ್ತೇವೆ. ಬೋರಲು ಹಾಕಿದ ಬೋಗುಣಿಯ ನೆತ್ತಿಯ ಮೇಲಿಟ್ಟ ಗೋಲಿಯಂತೆ, ಸ್ವಲ್ಪ ಜಾರಿದರೆ ಮತ್ತಷ್ಟು ವೇಗವಾಗಿ ಜಾರುತ್ತದೆ. ಪ್ರತಿ ವರ್ಷ ಎಣಿಸಿ ಬೇಟೆಯ ಸಂಖ್ಯೆಯನ್ನು ತಿದ್ದುತ್ತಿದ್ದರೆ ಮಾತ್ರ ಇದನ್ನು ತಡೆಯಬಹುದು.

ಅಮೆರಿಕದ ಚೀಟಿ

ಅಮೆರಿಕ ಈ ಪಾಠವನ್ನು ನಷ್ಟದ ಮೂಲಕ ಕಲಿಯಿತು. 1900ರ ಸುಮಾರಿಗೆ ಅಲ್ಲಿ ಉಳಿದಿದ್ದ ಎಲ್ಕ್‌ಗಳು ಒಂದು ಲಕ್ಷಕ್ಕೂ ಕಡಿಮೆ. ಪೆನ್ಸಿಲ್ವೇನಿಯ ರಾಜ್ಯದಲ್ಲಿ ಅವು 19ನೆಯ ಶತಮಾನದಲ್ಲೇ ಅಳಿದಿದ್ದವು. 1913ರಿಂದ ಯೆಲ್ಲೊಸ್ಟೋನ್ ಮುಂತಾದೆಡೆಗಳಿಂದ ಎಲ್ಕ್‌ಗಳನ್ನು ತಂದು ಅಲ್ಲಿ ಬಿಡಲಾಯಿತು. 1923ರಲ್ಲಿ ಬೇಟೆಗೆ ಅವಕಾಶ ಕೊಟ್ಟರು. ಸಂಖ್ಯೆ ಕುಸಿದು, 1931ರ ಬಳಿಕ ಮುಚ್ಚಬೇಕಾಯಿತು. ಮತ್ತೆ ಬೇಟೆ ಆರಂಭವಾದದ್ದು ಸುಮಾರು 70 ವರ್ಷಗಳ ನಂತರ, 2001ರಲ್ಲಿ. ಈ ಸಲ ಕ್ರಮ ಬೇರೆ. ಮೊದಲು ಎಲ್ಕ್‌ಗಳನ್ನು ಎಣಿಸಿದರು. ಆ ವರ್ಷ ಎಷ್ಟನ್ನು ತೆಗೆಯಬಹುದೆಂದು ನಿರ್ಧರಿಸಿ 30 ಲೈಸೆನ್ಸ್‌ಗಳನ್ನಷ್ಟೇ ಇಟ್ಟರು. ಐವತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಚೀಟಿ ಎತ್ತಿ ಆರಿಸಿದರು.

ಪಶ್ಚಿಮದ ರಾಜ್ಯಗಳಲ್ಲಿಯೂ ಅನೇಕ ಕಡೆ ಇದೇ ಕ್ರಮ. ಕಾಡನ್ನು ಘಟಕಗಳಾಗಿ ವಿಂಗಡಿಸಿ, ಘಟಕಕ್ಕೆ ಇಷ್ಟು ಎಂದು ಚೀಟಿ ನಿಗದಿ ಮಾಡುತ್ತಾರೆ. ಒಂದು ಚೀಟಿಗೆ ಒಂದೇ ಪ್ರಾಣಿ. ಕೊಂದ ಕೂಡಲೇ ಚೀಟಿಯನ್ನು ಅದರ ದೇಹಕ್ಕೆ ಕಟ್ಟಬೇಕು. ಇಲ್ಲಿ ಎಣಿಕೆಗೆ ಸಿಕ್ಕಿರುವುದು ಬೇಟೆಗಾರನಲ್ಲ, ಪ್ರಾಣಿ. ಇಂದು ಉತ್ತರ ಅಮೆರಿಕದಲ್ಲಿ ಸುಮಾರು 10 ಲಕ್ಷ ಎಲ್ಕ್‌ಗಳಿವೆ.

ಆದರೆ ಅಲ್ಲಿ ಪ್ರಕೃತಿಯೂ ನೆರವಾಗಿದೆ. ಎಲ್ಕ್ ಹಿಂಡಿನಲ್ಲಿ ಬದುಕುತ್ತದೆ, ಚಳಿಗಾಲದಲ್ಲಿ ಬಯಲಿಗೆ ಇಳಿಯುತ್ತದೆ. ಹಿಮದ ಬಿಳುಪಿನ ಮೇಲೆ ಅದನ್ನು ವಿಮಾನದಿಂದಲೇ ಎಣಿಸಬಹುದು. ಕಡವೆ ಹೆಚ್ಚಾಗಿ ಒಂಟಿ, ಇಲ್ಲವೆ ಎರಡು ಮೂರರ ಗುಂಪು. ರಾತ್ರಿ ಮೇಯುತ್ತದೆ, ಹಗಲು ದಟ್ಟ ಹಳುವಿನಲ್ಲಿ ಅಡಗುತ್ತದೆ.

ಕಾಣದ್ದನ್ನು ಎಣಿಸುವುದು

ಈ ಕಷ್ಟಕ್ಕೆ ದಾರಿ ತೋರಿಸಿದವರಲ್ಲಿ ಪ್ರಮುಖರು ಪುತ್ತೂರಿನಲ್ಲಿ ಬೆಳೆದ ಡಾ. ಉಲ್ಲಾಸ ಕಾರಂತರು. ನಾಗರಹೊಳೆಯಲ್ಲಿ 1980ರ ದಶಕದಲ್ಲಿ ಅವರು ನೇರ ರೇಖೆಯ ಸಮೀಕ್ಷೆಯನ್ನು ಬಳಸಿದರು. ಕಾಡಿನಲ್ಲಿ ನೇರವಾದ ಕಾಲುದಾರಿ ಸವರಿ, ಅದರಲ್ಲಿ ನಡೆಯುತ್ತ, ಕಂಡ ಪ್ರತಿ ಪ್ರಾಣಿಯೂ ದಾರಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕು. ದೂರ ಹೆಚ್ಚಿದಂತೆ ಪ್ರಾಣಿ ಕಣ್ಣಿಗೆ ಬೀಳುವ ಸಂಭವನೀಯತೆ ಕುಗ್ಗುತ್ತದೆ, ಮಂಜಿನಲ್ಲಿ ದೀಪ ಮಸುಕಾದಂತೆ. ಆ ಕುಗ್ಗುವಿಕೆಯ ವಕ್ರರೇಖೆಯಿಂದ ಕಾಣದೆ ಉಳಿದವುಗಳನ್ನು ಅಂದಾಜು ಮಾಡಬಹುದು. ಒಟ್ಟು 100 ಕಿಲೋಮೀಟರ್ ನಡೆದು, ದಾರಿಯ ಎರಡೂ ಬದಿಗೆ 50 ಮೀಟರಿನಷ್ಟು ಪರಿಣಾಮಕಾರಿಯಾಗಿ ನೋಡಿದರೆ, ಸಮೀಕ್ಷೆಗೆ ಸಿಕ್ಕ ಪ್ರದೇಶ 10 ಚದರ ಕಿಲೋಮೀಟರ್. ಅಲ್ಲಿ 55 ಕಡವೆ ಕಂಡರೆ ಸಾಂದ್ರತೆ ಚದರ ಕಿಲೋಮೀಟರಿಗೆ 5.5. ಕಾರಂತರು ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1992ರಲ್ಲಿ ನಾಗರಹೊಳೆಯ ಕಡವೆಗಳಿಗೆ ಪ್ರಕಟಿಸಿದ ಸಾಂದ್ರತೆ ಇದೇ. ಅಲ್ಲಿನದು ಎಲೆ ಉದುರುವ ಕಾಡು. ತೊಡಿಕಾನದ ಮೇಲಿನ ನಿತ್ಯಹರಿದ್ವರ್ಣದಲ್ಲಿ ಕಣ್ಣು ಹಾಯುವ ದೂರವೇ ತೀರ ಕಡಿಮೆ. ಅಷ್ಟೇ ಖಚಿತತೆಗೆ ಹಲವು ಪಟ್ಟು ಹೆಚ್ಚು ನಡೆಯಬೇಕು.

ಸೊನ್ನೆಯ ನಿಯಮ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮೊದಲು ಲೈಸೆನ್ಸ್ ಪದ್ಧತಿಯನ್ನು ಉಳಿಸಿಕೊಂಡಿತ್ತು ಎಂಬುದು ಇಂದು ಹಲವರಿಗೆ ನೆನಪಿಲ್ಲ. ಅದರಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂಬ ದರ್ಜೆಗಳಿದ್ದವು. ಕೊಂದ ಪ್ರಾಣಿಗಳ ದಾಖಲೆಯನ್ನು ಲೈಸೆನ್ಸುದಾರ ಇಡಬೇಕಿತ್ತು. ಸತ್ತವುಗಳಿಗೆ ಲೆಕ್ಕವಿತ್ತು, ಬದುಕಿದ್ದವುಗಳಿಗೆ ಇರಲಿಲ್ಲ. 1991ರ ತಿದ್ದುಪಡಿ ಈ ಲೈಸೆನ್ಸ್‌ಗಳನ್ನು ತೆಗೆದುಹಾಕಿತು. 2022ರ ತಿದ್ದುಪಡಿ ಅನುಸೂಚಿಗಳನ್ನು ಮರುಜೋಡಿಸಿದರೂ ಕಡವೆ ಬೇಟೆಯ ನಿಷೇಧ ಮುಂದುವರಿದಿದೆ.

ಎಣಿಕೆಯಿಲ್ಲದ ಕಡೆ ಇದು ವೈಜ್ಞಾನಿಕವಾಗಿಯೂ ಸರಿಯಾದ ನಿರ್ಧಾರ. ಬೇಟೆಗೆ ಇಡಬಹುದಾದ ಮಿತಿಗಳಲ್ಲಿ ಎಣಿಕೆಯನ್ನು ಬೇಡದ ಸಂಖ್ಯೆ ಒಂದೇ, ಅದು ಸೊನ್ನೆ. ಅರಂತೋಡಿನವರಿಗೆ ಇದು ಹೊಸತಲ್ಲ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಹೊಳೆಯ ಗುಂಡಿಯಲ್ಲಿರುವ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಯಾರೂ ಎಣಿಸದಿದ್ದರೂ ಅವು ಉಳಿದಿವೆ.

ಆದರೆ ಸೊನ್ನೆಯ ನಿಯಮದ ಬೆಲೆಯನ್ನು ಕಾಡಂಚಿನ ಕೃಷಿಕ ತೆರುತ್ತಾನೆ. ತೋಟಕ್ಕೆ ಆನೆ, ಹಂದಿ, ಮಂಗಗಳು ನುಗ್ಗುವಾಗ ಅವನು ಕೋವಿಯತ್ತ ನೋಡುವುದು ಸಹಜ. ಪಕ್ಕದ ಕೇರಳ 2022ರಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಿಸಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಇಂಥ ಬೇಡಿಕೆಗಳನ್ನು ಪರಿಶೀಲಿಸುವಾಗ ಮೇಲಿನ ಇತಿಹಾಸ ನೆನಪಿರಲಿ. ಎಷ್ಟು ಕೋವಿಗಳಿಗೆ ಅನುಮತಿ ಎಂಬುದು ಎರಡನೆಯ ಪ್ರಶ್ನೆ. ಯಾವ ಕಾಡಿನಲ್ಲಿ ಯಾವ ಪ್ರಾಣಿ ಎಷ್ಟಿದೆ, ಕಳೆದ ವರ್ಷಕ್ಕಿಂತ ಹೆಚ್ಚಿದೆಯೇ ಕಡಿಮೆಯಾಗಿದೆಯೇ ಎಂಬುದು ಮೊದಲನೆಯದು. ಸುಳ್ಯ, ಕಡಬ, ಪುತ್ತೂರುಗಳ ಕಾಲೇಜುಗಳಲ್ಲಿ ವಿಜ್ಞಾನ ಓದುವ ವಿದ್ಯಾರ್ಥಿಗಳಿದ್ದಾರೆ, ಕಾಡಿನ ಪರಿಚಯವಿರುವ ಹಿರಿಯರಿದ್ದಾರೆ. ಅರಣ್ಯ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶನದಲ್ಲಿ, ಒಂದು ರೇಖೆ, ಒಂದು ಅಳತೆಪಟ್ಟಿ, ಒಂದು ನೋಟ್‌ಪುಸ್ತಕ ಹಿಡಿದು ಅವರು ಈ ಎಣಿಕೆಯನ್ನು ಆರಂಭಿಸಬಹುದು.