ಬೆಟ್ಟಸಾಲಿನ ನೆರೆನಾಡು ಮತ್ತು ರಾಕ್ ಅಂಡ್ ರೋಲ್ ಪರಂಪರೆ

ಅಮೆರಿಕದ ಕಪ್ಪುಜನರ ಅಳಲಿನ ಹಾಡಾದ ಬ್ಲೂಸ್, ಅವರ ಚರ್ಚುಗಳ ಭಕ್ತಿಗಾಯನವಾದ ಗಾಸ್ಪೆಲ್ ಹಾಗೂ ಬಿಳಿಯರ ಹಳ್ಳಿಗಾಡಿನ ಸಂಗೀತ ಬೆರೆತು 1950ರ ದಶಕದಲ್ಲಿ ರೂಪುಗೊಂಡ ರಾಕ್ ಅಂಡ್ ರೋಲ್, ಚಕ್ ಬೆರಿ, ಲಿಟಲ್ ರಿಚರ್ಡ್ ಮೊದಲಾದವರ ಧ್ವನಿಮುದ್ರಿಕೆಗಳ ಮೂಲಕ ಜಗತ್ತನ್ನು ಸುತ್ತಿ, ಮುಂದಿನ ದಶಕದಲ್ಲಿ ಬೆಂಗಳೂರಿನ ತರುಣರ ಕೈಗೂ ಗಿಟಾರನ್ನು ಕೊಟ್ಟಿತು.

ಸಕಲೇಶಪುರ, ಆಲೂರು ಬೆಟ್ಟಸಾಲಿನ ದಕ್ಷಿಣಕ್ಕಿರುವ ಕೊಡಗಿನ ಮೂಲದವರಾಗಿ ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ, ಗೆಳೆಯರೊಡನೆ ಟ್ರೋಜನ್ಸ್ ಎಂಬ ತಂಡ ಕಟ್ಟಿ, ಭಾರತದಲ್ಲಿ ಇಂಗ್ಲಿಷ್ ರಾಕ್ ಗೀತೆಗಳನ್ನು ಹಾಡಿದ ಮೊದಲಿಗರ ಸಾಲಿಗೆ ಸೇರಿದರು. 1960ರ ದಶಕದ ಕೊನೆಯ ಭಾಗದಲ್ಲಿ ಇಂಗ್ಲೆಂಡಿಗೆ ತೆರಳಿದ ಅವರು ನಿರ್ಮಾಪಕರಾಗಿ ರೂಪಿಸಿದ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' 1974ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. 1980ರ 'ಕುರ್ಬಾನಿ' ಚಿತ್ರಕ್ಕೆ ಅವರು ಸಂಯೋಜಿಸಿದ ಗೀತೆ ಭಾರತದ ಪಾಪ್ ಸಂಗೀತದ ದಿಕ್ಕನ್ನೇ ಬದಲಿಸಿತು.

ಈ ಹಾದಿಯ ಮುಂದಿನ ತಲೆಮಾರಿನಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, ಶಿಶುನಾಳ ಶರೀಫರ ತತ್ತ್ವಪದಗಳನ್ನು ರಾಕ್ ವಾದ್ಯಗಳೊಡನೆ ಹಾಡಿ, ಆಮದಾದ ಲಯಕ್ಕೆ ಕನ್ನಡದ ಉಸಿರನ್ನು ತುಂಬಿದರು. ದುಡಿಯುವ ಜನರ ಹಾಡಿನಿಂದಲೇ ಹುಟ್ಟಿದ ರಾಕ್ ಸಂಗೀತಕ್ಕೂ, ಸುಗ್ಗಿಯ ಕಾಲದಲ್ಲಿ ಊರೇ ಕೂಡಿ ಹೆಜ್ಜೆಹಾಕುವ ಮಲೆನಾಡಿನ ಸುಗ್ಗಿ ಕುಣಿತಕ್ಕೂ ಇರುವ ಆಂತರಿಕ ನಂಟನ್ನು ಗುರುತಿಸಿದಾಗಲೇ ಈ ಪರಂಪರೆಯ ನಿಜವಾದ ಬೆಲೆ ತಿಳಿಯುತ್ತದೆ.