ಕಾಸ್‌ಪ್ಲೇ ವಿಗ್‌ಗಳ ಆರೈಕೆ
ಅನಿಮೆ, ಮಾಂಗಾ, ವಿಡಿಯೋ ಗೇಮ್ ಪಾತ್ರಗಳ ವೇಷ ತೊಡುವವರು ಧರಿಸುವ ಕೃತಕ ಕೂದಲನ್ನು ಕೆಡದಂತೆ ಕಾಪಾಡುವ ವಿಧಾನ. ಈ ವಿಗ್‌ಗಳು ಬಹುಪಾಲು ಸಂಶ್ಲೇಷಿತ ನೂಲಿನವು. ಜಪಾನಿನ ಕನೆಕಲಾನ್ ಇಂಥ ನೂಲುಗಳಲ್ಲಿ ಪ್ರಸಿದ್ಧ. ತಲೆಗೂದಲಿನಂತೆ ಕೃತಕ ಕೂದಲಿಗೆ ಬುಡದಿಂದ ಎಣ್ಣೆ ಇಳಿದು ಬರುವುದಿಲ್ಲವಾದ್ದರಿಂದ ಎಳೆಗಳು ಬೇಗ ಒರಟಾಗುತ್ತವೆ. ಕುತ್ತಿಗೆ, ಭುಜಗಳಿಗೆ ಉಜ್ಜುವ ಭಾಗವಂತೂ ಮೊದಲು ಗಂಟುಗಟ್ಟುತ್ತದೆ. ಹತ್ಸುನೆ ಮಿಕು ಎಂಬ ಪಾತ್ರದ ಉದ್ದನೆಯ ಜೋಡಿ ಜುಟ್ಟುಗಳಂಥ ವಿಗ್‌ಗಳಿಗೆ ಈ ಕಾಟ ಇನ್ನೂ ಹೆಚ್ಚು.

ಸಿಕ್ಕನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೊದಲುಮಾಡಿ ಮೇಲಕ್ಕೆ ಬಿಡಿಸುತ್ತ ಹೋಗಬೇಕು. ಬುಡದಿಂದ ಎಳೆದರೆ ಹೊಲಿಗೆಯೇ ಕಿತ್ತು ಬರುತ್ತದೆ. ತೊಳೆಯಲು ತಣ್ಣೀರು, ಸೌಮ್ಯ ಶಾಂಪೂ ಸಾಕು. ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆರಳಿನಲ್ಲಿ ಗಾಳಿಗೆ ಒಣಗಿಸುವುದು ವಾಡಿಕೆ. ಶಾಖ ತಾಳುವ ನೂಲಲ್ಲದಿದ್ದರೆ ಬಿಸಿ ಉಪಕರಣ ತಾಗಿಸಲೇಬಾರದು: ಸುಕ್ಕುಗಟ್ಟಿದ ಎಳೆ ಮತ್ತೆ ಮೊದಲಿನಂತಾಗದು.

ಎತ್ತಿಡುವಾಗ ನೇರ ಕೂದಲಿನ ವಿಗ್ಗನ್ನು ಬಲೆಟೋಪಿಯಲ್ಲಿಟ್ಟು ಚೀಲಕ್ಕೆ ಸೇರಿಸಬಹುದು. ಸ್ಪ್ರೇ, ಅಂಟು ಹಾಕಿ ಮುಳ್ಳಿನಂತೆ ನಿಲ್ಲಿಸಿದ ಕೇಶವಿನ್ಯಾಸಕ್ಕೆ ಮಾತ್ರ ಫೋಮ್ ತಲೆ, ಎತ್ತರದ ಪೆಟ್ಟಿಗೆ ಬೇಕೇ ಬೇಕು. ಬಿಸಿಲು ಬಣ್ಣವನ್ನು ಮಂಕಾಗಿಸುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೆವರು ಆರದ ಒಳಟೋಪಿಗೆ ಬೂಷ್ಟು ಹಿಡಿಯಬಹುದು. ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು.